ಕಾರಿನ ಜಾತಕ ಯಾರ ಕೈಯಲ್ಲಿ?

ಒಂದೇ ಬೀದಿ, ಒಂದೇ ಬೆಲೆಯ ಎರಡು ಕಾರು. ಇನ್ಶೂರೆನ್ಸ್ ಕಂತು ಮಾತ್ರ ಬೇರೆ ಬೇರೆ. ಸರ್ಕಾರ ಎಲ್ಲರಿಗೂ ಕಾಣುವಂತೆ ಅಳೆಯುವುದು ಎಂಜಿನ್ನಿನ ಗಾತ್ರ. ಕಂಪನಿಗಳು ಒಳಗೊಳಗೇ ಅಳೆಯುವುದು ಮತ್ತೇನನ್ನೋ. ಆ ಮತ್ತೇನೋ ಏನೆಂದು ದುಡ್ಡು ಕೊಡುವವನಿಗೆ ತಿಳಿಯಬೇಡವೇ?

2020ರ ಅಕ್ಟೋಬರ್ 13ರ ರಾತ್ರಿ ಹೈದರಾಬಾದಿನ ಬೀದಿಗಳಲ್ಲಿ ಕಾರುಗಳು ತೇಲಿದವು. ಘಟ್‌ಕೇಸರ್ ಬಳಿಯ ಸಿಂಗಾಪುರ ಟೌನ್‌ಶಿಪ್‌ನಲ್ಲಿ ಒಂದೇ ದಿನ 32 ಸೆಂಟಿಮೀಟರ್ ಮಳೆ ಸುರಿದಿತ್ತು. ಹಿಮಾಯತ್ ಸಾಗರದ ಗೇಟುಗಳನ್ನು ಎತ್ತಲಾಯಿತು, ಮೂಸಿ ಉಕ್ಕಿತು, ಟೋಲಿಚೌಕಿಯ ನದೀಂ ಕಾಲೊನಿಯ ಜನರನ್ನು ದೋಣಿಯಲ್ಲಿ ಕರೆತರಬೇಕಾಯಿತು. ಬೆಳಗಾಗುವ ಹೊತ್ತಿಗೆ ನಗರದ ತಗ್ಗು ಬಡಾವಣೆಗಳಲ್ಲಿ ಕಾರುಗಳು ಬಾನೆಟ್‌ವರೆಗೆ ಕೆಸರು ಮೆತ್ತಿಕೊಂಡು, ಅಡ್ಡಾದಿಡ್ಡಿಯಾಗಿ, ಕೆಲವು ಒಂದರ ಮೇಲೊಂದು ಹತ್ತಿಕೊಂಡು ನಿಂತಿದ್ದವು.

ಇಂಥ ಬೆಳಗಿನಲ್ಲಿ ಕಾರಿನ ಒಡೆಯರು ಮಾಡುವ ಮೊದಲ ಕೆಲಸ, ಕೀ ತಿರುಗಿಸಿ ಎಂಜಿನ್ ಶುರುವಾಗುತ್ತದೆಯೇ ಎಂದು ನೋಡುವುದು. ಅದೇ ಕೊನೆಯ ಪೆಟ್ಟೂ ಆಗುತ್ತದೆ. ಗಾಳಿ ಎಳೆದುಕೊಳ್ಳುವ ಕೊಳವೆಯಿಂದ ಸಿಲಿಂಡರಿಗೆ ನೀರು ಹೊಕ್ಕಿದ್ದರೆ ಪಿಸ್ಟನ್ ಅದನ್ನು ಗಾಳಿಯಂತೆ ಅದುಮಲಾರದು. ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಕಚ್ಚಿಕೊಳ್ಳುತ್ತದೆ. ಪ್ರವಾಹದ ಹಾನಿಯನ್ನು ಸಾಮಾನ್ಯ ಫುಲ್ ಇನ್ಶೂರೆನ್ಸ್ ಭರಿಸುತ್ತದೆ. ಆದರೆ ನೀರು ನಿಂತ ಮೇಲೆ ಸ್ಟಾರ್ಟ್ ಮಾಡಿ ಕೆಟ್ಟ ಎಂಜಿನ್ ಪ್ರವಾಹದ ನೇರ ಹಾನಿಯಲ್ಲ, ಅದರ ಮುಂದಿನ ಪರಿಣಾಮವೆಂದು ಹೇಳಿ ಕಂಪನಿಗಳು ಕೈ ಚೆಲ್ಲುತ್ತವೆ. ‘ಎಂಜಿನ್ ಪ್ರೊಟೆಕ್ಟ್’ ಎಂಬ ಹೆಚ್ಚುವರಿ ರಕ್ಷಣೆ ಕೊಂಡವರ ಮಾತು ಬೇರೆ. ಗಮನಿಸಬೇಕಾದ್ದು ಇನ್ನೊಂದಿದೆ. ಅದೇ ಬೀದಿ, ಅದೇ ನೀರು, ಪಕ್ಕಪಕ್ಕದ ಎರಡು ಕಾರು. ಒಂದರ ಗಾಳಿಕೊಳವೆಯ ಬಾಯಿ ಬಂಪರಿನ ಹಿಂದೆ ತಗ್ಗಿನಲ್ಲಿ, ಇನ್ನೊಂದರದ್ದು ಬಾನೆಟ್ಟಿನ ಅಂಚಿನಲ್ಲಿ ಎತ್ತರಕ್ಕೆ. ಮೊದಲನೆಯದರ ಎಂಜಿನ್ ಹೋಗುತ್ತದೆ, ಎರಡನೆಯದರದ್ದು ಉಳಿಯುತ್ತದೆ. ಅಪಾಯ ಊರಿನದ್ದು ಹೌದು, ಕಾರಿನ ಮೈಕಟ್ಟಿನದ್ದೂ ಹೌದು.

ಊರಿನ ಅಪಾಯಕ್ಕೆ ಹೈದರಾಬಾದು ಹಿಂದೊಮ್ಮೆ ಕನ್ನಡಿಗನೊಬ್ಬನನ್ನು ಕರೆಸಿಕೊಂಡಿತ್ತು. 1908ರ ಸೆಪ್ಟೆಂಬರ್ 28ರ ಮೂಸಿ ಪ್ರವಾಹದ ನಂತರ, 1909ರಲ್ಲಿ ನಿಜಾಮರ ಆಹ್ವಾನದ ಮೇಲೆ ಬಂದ ವಿಶ್ವೇಶ್ವರಯ್ಯನವರು ನದಿಯ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟುವ ಯೋಜನೆ ಕೊಟ್ಟರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಎದ್ದು ನಿಂತವು. ಕಾರಿನ ಅಪಾಯವನ್ನು ಅಳೆಯುವ ಕೆಲಸದ ಯಜಮಾನಿಕೆಯೂ ಈಗ ಇದೇ ಊರಿನಲ್ಲಿದೆ. ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ದೆಹಲಿಯಿಂದ ಹೈದರಾಬಾದಿಗೆ ಬಂದದ್ದು 2001ರಲ್ಲಿ. ಅದರ ಕಟ್ಟಡ ನಾನಕ್‌ರಾಮ್‌ಗುಡದ ಫೈನಾನ್ಷಿಯಲ್ ಡಿಸ್ಟ್ರಿಕ್ಟ್‌ನಲ್ಲಿದೆ. ದೇಶದ ಎಲ್ಲ ವಿಮಾ ಕಂಪನಿಗಳ ಪಾಲಿಸಿ ಮತ್ತು ಕ್ಲೇಮುಗಳ ಮಾಹಿತಿ ಬಂದು ಬೀಳುವ ಇನ್ಶೂರೆನ್ಸ್ ಇನ್ಫರ್ಮೇಶನ್ ಬ್ಯೂರೋ ಇರುವುದೂ ಇಲ್ಲೇ. ಯಾವ ಮಾದರಿಯ ಕಾರು ಎಷ್ಟು ಸಲ ಗುದ್ದುತ್ತದೆ, ಯಾವುದು ಹೆಚ್ಚು ಕಳವಾಗುತ್ತದೆ, ಯಾವುದರ ದುರಸ್ತಿಗೆ ಎಷ್ಟು ಖರ್ಚು ಎಂಬ ಜಾತಕವನ್ನು ಬರೆಯಬಲ್ಲ ಅಂಕಿಅಂಶ ಈ ನಗರದಲ್ಲಿದೆ. ಅದನ್ನು ಕಾರು ಕೊಳ್ಳುವವರ ಮುಂದೆ ಬಿಚ್ಚಿಡಬೇಕು ಎಂಬುದು ಈ ಬರಹದ ವಾದ.

ಪಾಲಿಸಿ ಪತ್ರವನ್ನು ಕೈಗೆತ್ತಿಕೊಂಡರೆ ಅದರಲ್ಲಿ ಎರಡು ಪ್ರಧಾನ ಭಾಗಗಳು. ಒಂದು ಥರ್ಡ್ ಪಾರ್ಟಿ: ನಿಮ್ಮ ಕಾರಿನಿಂದ ಬೇರೆಯವರಿಗೆ ಆದ ಸಾವುನೋವು, ನಷ್ಟಕ್ಕೆ. ಇದು ಕಡ್ಡಾಯ. 1939ರ ಮೋಟಾರು ವಾಹನ ಕಾಯ್ದೆಯ ಈ ಅಧ್ಯಾಯ ದೇಶದಲ್ಲಿ ಜಾರಿಗೆ ಬಂದದ್ದು 1946ರ ಜುಲೈ 1ರಿಂದ. ಇನ್ನೊಂದು ಓನ್ ಡ್ಯಾಮೇಜ್: ನಿಮ್ಮದೇ ಕಾರಿನ ಹಾನಿ, ಕಳವಿಗೆ. ಮೊದಲನೆಯದರ ದರವನ್ನು ಸರ್ಕಾರ ಗೊತ್ತುಮಾಡುತ್ತದೆ, ಎರಡನೆಯದರದ್ದನ್ನು 2007ರ ಜನವರಿ 1ರಿಂದ ಕಂಪನಿಗಳೇ ಗೊತ್ತುಮಾಡಿಕೊಳ್ಳುತ್ತವೆ. ಬಿಲ್ಲಿನ ಕೊನೆಗೆ ಶೇ 18 ಜಿಎಸ್‌ಟಿ ಸೇರಿ ಒಂದೇ ಮೊತ್ತ ಕಾಣುವುದರಿಂದ, ಇದರೊಳಗೆ ಎರಡು ಬೇರೆ ಬೇರೆ ನ್ಯಾಯಗಳು ಕೂಡಿಕೊಂಡಿವೆ ಎಂಬುದೇ ಮರೆತುಹೋಗುತ್ತದೆ.

ಪೆಟ್ಟಿಗೆ 1: ಥರ್ಡ್ ಪಾರ್ಟಿ ದರಪಟ್ಟಿ
2022ರ ಜೂನ್ 1ರಿಂದ ಜಾರಿಯಾದ ಪಟ್ಟಿಯ ಪ್ರಕಾರ ಖಾಸಗಿ ಕಾರುಗಳ ವಾರ್ಷಿಕ ದರ (ತೆರಿಗೆ ಬಿಟ್ಟು):
1,000 ಸಿಸಿವರೆಗೆ ₹2,094
1,000ದಿಂದ 1,500 ಸಿಸಿ ₹3,416
1,500 ಸಿಸಿ ಮೀರಿದರೆ ₹7,897
ವಿದ್ಯುತ್ ಕಾರುಗಳಿಗೆ:
30 ಕಿಲೋವಾಟ್‌ವರೆಗೆ ₹1,780
30ರಿಂದ 65 ಕಿಲೋವಾಟ್ ₹2,904
65 ಕಿಲೋವಾಟ್ ಮೀರಿದರೆ ₹6,712
ಹೈಬ್ರಿಡ್ ಕಾರಿಗೆ ಶೇ 7.5, ವಿಂಟೇಜ್ ಕಾರಿಗೆ ಶೇ 50 ವಿನಾಯಿತಿ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಕಂತನ್ನು ಒಟ್ಟಿಗೇ ಕಟ್ಟಬೇಕು. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಬಂದ ನಿಯಮ ಇದು.

ಸರ್ಕಾರದ ಅಳತೆಗೋಲು ಸಿಸಿ. ಎಂಜಿನ್ನಿನ ಸಿಲಿಂಡರುಗಳ ಒಟ್ಟು ಗಾತ್ರ ಎಷ್ಟು ಎಂಬುದೊಂದೇ ಪ್ರಶ್ನೆ. ಈ ಲೆಕ್ಕಕ್ಕೆ ಒಂದು ಕಾಲದಲ್ಲಿ ಅರ್ಥವಿತ್ತು. ರಸ್ತೆಯಲ್ಲಿ 796 ಸಿಸಿಯ ಮಾರುತಿ 800, 1,089 ಸಿಸಿಯ ಪದ್ಮಿನಿ, 1,489 ಸಿಸಿಯ ಅಂಬಾಸಿಡರ್ ಓಡುತ್ತಿದ್ದಾಗ ಸಿಸಿ ಹೇಳಿದರೆ ಸಾಕು, ಕಾರಿನ ತೂಕ, ಶಕ್ತಿ, ಅಂತಸ್ತು ಎಲ್ಲ ತಿಳಿಯುತ್ತಿತ್ತು. ಟರ್ಬೊ ಬಂದು ಆ ನಂಟು ಕಡಿಯಿತು. ಚಿಕ್ಕ ಎಂಜಿನ್ನಿಗೇ ಹೆಚ್ಚು ಗಾಳಿ ತುರುಕಿ ದೊಡ್ಡ ಎಂಜಿನ್ನಿನ ಕೆಲಸ ತೆಗೆಯುವ ಕಲೆ ಅದು. ಅದಕ್ಕೆ ನೀರೆರೆದದ್ದೂ ಸರ್ಕಾರವೇ. 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿಗಿಂತ ಗಿಡ್ಡನೆಯ, 1,200 ಸಿಸಿ ಒಳಗಿನ ಪೆಟ್ರೋಲ್ ಕಾರು ಮತ್ತು 1,500 ಸಿಸಿ ಒಳಗಿನ ಡೀಸೆಲ್ ಕಾರುಗಳಿಗೆ ಅಬಕಾರಿ ಸುಂಕ ಇಳಿಸಿದ ಮೇಲೆ ಕಂಪನಿಗಳ ಎಂಜಿನಿಯರುಗಳು 998, 1,197, 1,497 ಎಂಬ ಅಂಕೆಗಳಿಗೆ ಜೋತುಬಿದ್ದರು. ತೆರಿಗೆಗಾಗಿ ಕತ್ತರಿಸಿದ ಎಂಜಿನ್ನಿನ ಮೇಲೆ ಅಪಾಯದ ಲೆಕ್ಕವನ್ನು ನಿಲ್ಲಿಸಿದ್ದೇವೆ.

ಉದಾಹರಣೆ ನೋಡಿ. ಆಲ್ಟೊ ಕೆ10ರ ಎಂಜಿನ್ 998 ಸಿಸಿ, ಶಕ್ತಿ ಸುಮಾರು 67 ಪಿಎಸ್. ಹ್ಯುಂಡೈ ವೆನ್ಯೂ ಟರ್ಬೊ ಪೆಟ್ರೋಲ್ ಎಂಜಿನ್ ಕೂಡ 998 ಸಿಸಿ, ಶಕ್ತಿ 120 ಪಿಎಸ್. ಎರಡಕ್ಕೂ ಥರ್ಡ್ ಪಾರ್ಟಿ ₹2,094. ಇನ್ನೂ ವಿಚಿತ್ರ ಒಂದೇ ಹೆಸರಿನ ಕಾರಿನೊಳಗೇ ಇದೆ. 2015ರಲ್ಲಿ ಬಂದ ಕ್ರೆಟಾದ ಪೆಟ್ರೋಲ್ ಎಂಜಿನ್ 1,591 ಸಿಸಿ, 123 ಪಿಎಸ್. ಈಗ ಅದರ ಮಾಲೀಕ ಕಟ್ಟಬೇಕಾದ್ದು ₹7,897. 2024ರ ಕ್ರೆಟಾ ಟರ್ಬೊ 1,482 ಸಿಸಿ, 160 ಪಿಎಸ್. ಅದರ ಮಾಲೀಕನ ಪಾಲು ₹3,416. ಹಳೆಯ, ಸೌಮ್ಯ ಕಾರಿನವನು ಹೊಸ, ಬಿರುಸಿನ ಕಾರಿನವನಿಗಿಂತ ಎರಡು ಪಟ್ಟಿಗೂ ಹೆಚ್ಚು ಕೊಡುತ್ತಾನೆ. ಹೊಸ ಕಾರಿನ ಬ್ರೇಕು, ಸ್ವಯಂಚಾಲಿತ ಸುರಕ್ಷಾ ಸಾಧನಗಳು ಮೇಲು ಎಂದು ಯಾರಾದರೂ ಸಮರ್ಥಿಸಬಹುದು. ಇರಬಹುದು, ಆದರೆ ದರಪಟ್ಟಿ ಅದನ್ನು ನೋಡಿ ಕಡಿಮೆ ಮಾಡಿಲ್ಲ. ಅದು ನೋಡಿದ್ದು 109 ಸಿಸಿಯ ವ್ಯತ್ಯಾಸವನ್ನು ಮಾತ್ರ.

ವಿದ್ಯುತ್ ಕಾರುಗಳ ಪಟ್ಟಿ ಈ ಗೊಂದಲವನ್ನು ಬೆಳಕಿಗೆ ತಂದಿತು. ಅವಕ್ಕೆ ಸಿಲಿಂಡರೇ ಇಲ್ಲದ್ದರಿಂದ ಮೋಟಾರಿನ ಶಕ್ತಿಯನ್ನು ಕಿಲೋವಾಟಿನಲ್ಲಿ ಅಳೆಯಬೇಕಾಯಿತು. ಪೆಟ್ರೋಲ್ ಪಟ್ಟಿಯ ಮೂರು ದರಗಳಿಗೆ ಶೇ 15 ವಿನಾಯಿತಿ ಕೊಟ್ಟು ಮೂರು ಮೆಟ್ಟಿಲು ಕಟ್ಟಿದರು. ಫಲಿತಾಂಶ ಏನಾಯಿತು? 2020ರಲ್ಲಿ ಬಂದ ನೆಕ್ಸಾನ್ ಇವಿಯ ಮೋಟಾರು 95 ಕಿಲೋವಾಟ್. ಹಾಗಾಗಿ ದರ ₹6,712. ಅದೇ ನೆಕ್ಸಾನಿನ 1,199 ಸಿಸಿ ಪೆಟ್ರೋಲ್ ಎಂಜಿನ್ನಿನ ಶಕ್ತಿ ಕಿಲೋವಾಟಿಗೆ ತಿರುಗಿಸಿದರೆ 88. ಆದರೂ ದರ ₹3,416. ‘ವಿನಾಯಿತಿ’ ಪಡೆದ ಕಾರು ಪಡೆಯದ ಕಾರಿನ ಹೆಚ್ಚುಕಡಿಮೆ ಇಮ್ಮಡಿ ಕಟ್ಟುತ್ತಿದೆ. ಬ್ಯಾಟರಿಯ ಭಾರದಿಂದ ವಿದ್ಯುತ್ ಕಾರು ತೂಕವಾಗಿರುತ್ತದೆ, ಗುದ್ದಿದರೆ ಪೆಟ್ಟು ಜಾಸ್ತಿ ಎಂಬ ವಾದದಲ್ಲಿ ಹುರುಳಿದೆ. ಹಾಗಿದ್ದರೆ ತೂಕವನ್ನೇ ಎಲ್ಲ ಕಾರುಗಳಿಗೂ ಅಳತೆಗೋಲು ಮಾಡಲಿ. ಶಕ್ತಿಯೇ ಮುಖ್ಯವಾದರೆ ಪೆಟ್ರೋಲ್ ಕಾರಿನ ಶಕ್ತಿಯನ್ನೂ ಕೇಳಲಿ. ಒಂದಕ್ಕೆ ಒಂದು ಮೊಳ, ಇನ್ನೊಂದಕ್ಕೆ ಬೇರೆ ಮೊಳ ಯಾಕೆ?

ಸಿಸಿಯ ಪರವಾಗಿ ಹೇಳಬಹುದಾದ ಗಟ್ಟಿ ಮಾತೂ ಒಂದಿದೆ. ಥರ್ಡ್ ಪಾರ್ಟಿ ವಿಮೆ ವ್ಯಾಪಾರವಲ್ಲ, ಸಾಮಾಜಿಕ ಏರ್ಪಾಡು. ಅಪಘಾತದಲ್ಲಿ ಸತ್ತವರ ಮನೆಯವರಿಗೆ ನ್ಯಾಯಮಂಡಳಿ ಕೊಡಿಸುವ ಪರಿಹಾರಕ್ಕೆ ಮಿತಿಯಿಲ್ಲ. ಸರಳಾ ವರ್ಮಾ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಕ್ರಮಬದ್ಧಗೊಳಿಸಿದ ಲೆಕ್ಕದಂತೆ ಅದು ಸತ್ತವರ ವಯಸ್ಸು, ಆದಾಯ, ಅವಲಂಬಿತರನ್ನು ನೋಡಿ ನಿರ್ಧಾರವಾಗುತ್ತದೆಯೇ ಹೊರತು ಗುದ್ದಿದ ಕಾರಿನ ಮಾದರಿಯನ್ನು ನೋಡಿ ಅಲ್ಲ. ಆದ್ದರಿಂದ ಎಲ್ಲರಿಂದ ಇಷ್ಟಿಷ್ಟು ಕೂಡಿಸುವುದೇ ಗುರಿ. ಅದಕ್ಕೆ ಸರಳವಾದ, ತಕರಾರಿಲ್ಲದ, ಆರ್‌ಸಿ ಪುಸ್ತಕದಲ್ಲೇ ಅಚ್ಚಾಗಿರುವ ಒಂದು ಅಂಕೆ ಸಾಕು ಎನ್ನುತ್ತಾರೆ. ಈ ಮಾತಿನ ಮೊದಲರ್ಧ ಒಪ್ಪತಕ್ಕದ್ದೇ. ಆದರೆ ಪರಿಹಾರದ ಮೊತ್ತ ಕಾರನ್ನು ಅವಲಂಬಿಸದಿದ್ದರೂ ಅಪಘಾತ ಎಷ್ಟು ಸಲ ಆಗುತ್ತದೆ, ಎಷ್ಟು ಮಾರಕವಾಗುತ್ತದೆ ಎಂಬುದು ಕಾರನ್ನೂ ಅವಲಂಬಿಸುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44.5 ದ್ವಿಚಕ್ರ ವಾಹನದವರು, ಶೇ 19.5 ಪಾದಚಾರಿಗಳು. ಅಂದರೆ ಸುಮಾರು ಮೂರರಲ್ಲಿ ಎರಡು ಪಾಲು ಕಾರಿನ ಕವಚವಿಲ್ಲದವರು. ಅವರಿಗೆ ಮುಖ್ಯವಾದದ್ದು ಎದುರಿಗೆ ಬಂದ ವಾಹನದ ತೂಕ, ವೇಗ, ಮುಂಭಾಗದ ಎತ್ತರ, ಬ್ರೇಕಿನ ಹಿಡಿತ. ಆರ್‌ಸಿಯಲ್ಲಿ ವಾಹನದ ತೂಕವೂ ಅಚ್ಚಾಗಿರುತ್ತದೆ. ಅದನ್ನು ಓದುವುದು ಸಿಸಿ ಓದುವುದಕ್ಕಿಂತ ಕಷ್ಟವೇನಲ್ಲ.

ಇನ್ನು ಕಂಪನಿಗಳ ಕೈಯಲ್ಲಿರುವ ಓನ್ ಡ್ಯಾಮೇಜ್. ಇಲ್ಲಿ ಅಪಾಯವನ್ನು ನಿಜಕ್ಕೂ ಅಳೆಯುತ್ತಾರೆ, ಬಹಳ ಸೂಕ್ಷ್ಮವಾಗಿ ಅಳೆಯುತ್ತಾರೆ. ಬಂಪರ್, ಹೆಡ್‌ಲೈಟ್, ಬಾಗಿಲುಗಳ ಬೆಲೆ ಎಷ್ಟು, ಬಿಡಿಭಾಗ ಬರಲು ಎಷ್ಟು ದಿನ, ಆ ಮಾದರಿ ಎಷ್ಟು ಕಳವಾಗುತ್ತದೆ, ಡೀಸೆಲ್ಲೋ ಪೆಟ್ರೋಲೋ, ಯಾವ ಆರ್‌ಟಿಒ. ಹೊಸ ಕಾರುಗಳ ಮುಂಗಾಜಿನ ಹಿಂದೆ ಕ್ಯಾಮೆರಾ ಕೂತ ಮೇಲೆ ಒಂದು ಕಲ್ಲು ಸಿಡಿದು ಗಾಜು ಬಿರಿದರೂ ಗಾಜಿನ ಜೊತೆ ಕ್ಯಾಮೆರಾವನ್ನು ಮರುಹೊಂದಿಸುವ ಖರ್ಚೂ ಸೇರುತ್ತದೆ. ವಿದ್ಯುತ್ ಕಾರಿನಲ್ಲಿ ಅತ್ಯಂತ ದುಬಾರಿ ಭಾಗವಾದ ಬ್ಯಾಟರಿ ನೆಲಕ್ಕೆ ಹತ್ತಿರ ಕೂತಿರುತ್ತದೆ. ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಆದರೆ ಆ ಲೆಕ್ಕ ನಿಮಗೆ ಕಾಣುವ ರೂಪ ಯಾವುದು? ‘ರಿಯಾಯಿತಿ’.

ಅದು ಹೀಗೆ. 2002ರಲ್ಲಿ ಬಂದ ಇಂಡಿಯಾ ಮೋಟಾರ್ ಟಾರಿಫ್ ಎಂಬ ದರಪುಸ್ತಕದಲ್ಲಿ ಓನ್ ಡ್ಯಾಮೇಜ್ ದರ ನಿರ್ಧರಿಸಲು ಮೂರೇ ಸಂಗತಿಗಳಿದ್ದವು: ಸಿಸಿ, ಕಾರಿನ ವಯಸ್ಸು, ನೋಂದಣಿಯಾದ ಊರು. ಅದರಂತೆ ಐದು ವರ್ಷದೊಳಗಿನ, 1,000ದಿಂದ 1,500 ಸಿಸಿಯ ಕಾರಿಗೆ ಹೈದರಾಬಾದಿನಲ್ಲಿ ಘೋಷಿತ ಮೌಲ್ಯದ, ಅಂದರೆ ಐಡಿವಿಯ, ಶೇ 3.283. ಹತ್ತು ಲಕ್ಷದ ಐಡಿವಿಗೆ ₹32,830. ದರ ಮುಕ್ತವಾದ ಮೇಲೂ ಅನೇಕ ಕಡೆ ಇದೇ ಅಂಕೆಯನ್ನು ಬುಡವಾಗಿಟ್ಟು, ಅದರ ಮೇಲೆ ಇಷ್ಟು ಶೇಕಡ ರಿಯಾಯಿತಿ ಎಂದು ಕಳೆಯುವ ರೂಢಿ ಉಳಿದುಕೊಂಡಿದೆ. ಒಬ್ಬ ಏಜೆಂಟ್ ಶೇ 60 ಕಳೆದರೆ ₹13,132. ಇನ್ನೊಬ್ಬ ಶೇ 75 ಕಳೆದರೆ ₹8,207. ಗಿರಾಕಿಗೆ ಚೌಕಾಸಿ ಮಾಡಿ ಗೆದ್ದ ಖುಷಿ. ವಾಸ್ತವದಲ್ಲಿ ಆ ಶೇಕಡವೇ ಕಂಪನಿ ನಿಮ್ಮ ಕಾರಿಗೆ ಕೊಟ್ಟ ಅಪಾಯದ ಅಂಕ, ತಲೆಕೆಳಗು ಮಾಡಿ ಬರೆದದ್ದು. ಕಡಿಮೆ ರಿಯಾಯಿತಿ ಸಿಕ್ಕಿತೆಂದರೆ ನಿಮ್ಮ ಮಾದರಿ ಆ ಕಂಪನಿಯ ಕಣ್ಣಿನಲ್ಲಿ ಕೆಟ್ಟದ್ದು ಎಂದೂ ಇರಬಹುದು, ಮಾರಾಟಗಾರನ ಕಮಿಷನ್ ಹೆಚ್ಚಿದೆ ಎಂದೂ ಇರಬಹುದು. ಎರಡನ್ನೂ ಬೇರ್ಪಡಿಸಿ ನೋಡುವ ದಾರಿ ಗಿರಾಕಿಗೆ ಇಲ್ಲ.

ಪೆಟ್ಟಿಗೆ 2: ಬೀದರಿನ ಕಾರು, ಹೈದರಾಬಾದಿನ ಗುಂಡಿ
2002ರ ದರಪುಸ್ತಕ ಖಾಸಗಿ ಕಾರುಗಳಿಗಾಗಿ ದೇಶವನ್ನು ಎರಡು ವಲಯ ಮಾಡಿತ್ತು. ‘ಎ’ ವಲಯದಲ್ಲಿ ಎಂಟು ನಗರ: ಅಹಮದಾಬಾದ್, ಬೆಂಗಳೂರು, ಚೆನ್ನೈ, ಹೈದರಾಬಾದ್, ಕೋಲ್ಕತ್ತ, ಮುಂಬೈ, ನವದೆಹಲಿ, ಪುಣೆ. ಉಳಿದ ಭಾರತವೆಲ್ಲ ‘ಬಿ’. ಬೀದರ್, ಕಲಬುರಗಿ, ರಾಯಚೂರು ಮೂಲದ ಕನ್ನಡ ಕುಟುಂಬಗಳು ಹೈದರಾಬಾದಿನಲ್ಲಿ ಸಾಕಷ್ಟಿವೆ. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವೇ ಇದೆ. ಬೀದರಿನಲ್ಲಿ ನೋಂದಾಯಿಸಿದ ಕೆಎ 38ರ ಅಂಥದೇ ಕಾರಿಗೆ ಹತ್ತು ಲಕ್ಷದ ಐಡಿವಿ ಮೇಲೆ ಶೇ 3.191, ಅಂದರೆ ₹31,910. ಹೈದರಾಬಾದಿನ ನೋಂದಣಿಗಿಂತ ₹920 ಅಗ್ಗ. ವರ್ಷವಿಡೀ ಅದು ಮೆಹದಿಪಟ್ಟಣದ ಸಂದಣಿಯಲ್ಲೇ ಓಡಿದರೂ ಅಷ್ಟೇ. ಹನ್ನೆರಡು ತಿಂಗಳು ಮೀರಿ ಬೇರೆ ರಾಜ್ಯದಲ್ಲಿ ಇಟ್ಟುಕೊಂಡ ವಾಹನವನ್ನು ಅಲ್ಲಿ ಮರುನೋಂದಣಿ ಮಾಡಿಸಬೇಕೆಂಬುದು ಕಾಯ್ದೆ; ಪಾಲಿಸುವವರು ಎಷ್ಟು ಮಂದಿ ಎಂಬುದನ್ನು ನಂಬರ್ ಪ್ಲೇಟುಗಳೇ ಹೇಳುತ್ತವೆ.

ಬೇರೆ ದೇಶಗಳಲ್ಲಿ ಈ ಜಾತಕ ಗುಟ್ಟಲ್ಲ. ಬ್ರಿಟನ್ನಿನಲ್ಲಿ ಥ್ಯಾಚಮ್ ರಿಸರ್ಚ್ ಎಂಬ ಸಂಸ್ಥೆ ಪ್ರತಿ ಕಾರಿಗೂ 1ರಿಂದ 50ರವರೆಗೆ ಗುಂಪಿನ ಸಂಖ್ಯೆ ಕೊಡುತ್ತಾ ಬಂದಿತ್ತು. ಸಂಖ್ಯೆ ಚಿಕ್ಕದಾದಷ್ಟೂ ಕಂತು ಅಗ್ಗ. ಕಾರು ಕೊಳ್ಳುವವರು ಮೈಲೇಜಿನಷ್ಟೇ ಸಹಜವಾಗಿ ಗುಂಪಿನ ಸಂಖ್ಯೆ ಕೇಳುತ್ತಾರೆ. 2024ರಲ್ಲಿ ಬಂದ ಹೊಸ ಪದ್ಧತಿಯಲ್ಲಿ ಒಂದೇ ಸಂಖ್ಯೆಯ ಬದಲು ಐದು ಅಂಕಗಳು: ಓಟದ ಶಕ್ತಿ, ಪೆಟ್ಟಿಗೆ ಎಷ್ಟು ಜಖಂ ಆಗುತ್ತದೆ, ದುರಸ್ತಿ ಎಷ್ಟು ಸುಲಭ, ಸುರಕ್ಷತೆ, ಕಳ್ಳರಿಂದ ರಕ್ಷಣೆ. ಜರ್ಮನಿಯಲ್ಲಿ ವಿಮಾ ಕಂಪನಿಗಳ ಒಕ್ಕೂಟ ಪ್ರತಿವರ್ಷ ಮಾದರಿವಾರು ದರ್ಜೆ ಪ್ರಕಟಿಸುತ್ತದೆ. ಕಾರು ಇನ್ನೊಬ್ಬರಿಗೆ ಮಾಡುವ ಹಾನಿಗೆ 10ರಿಂದ 25ರವರೆಗೆ ಒಂದು ದರ್ಜೆ, ತನ್ನ ಹಾನಿಗೆ ಬೇರೆಯೇ ದರ್ಜೆ. ಗಮನಿಸಿ: ನಮ್ಮಲ್ಲಿ ಸಿಸಿಗೆ ಬಿಟ್ಟುಕೊಟ್ಟಿರುವ ಥರ್ಡ್ ಪಾರ್ಟಿಗೂ ಅಲ್ಲಿ ಮಾದರಿಯ ನಿಜವಾದ ಅಪಘಾತದ ಲೆಕ್ಕವೇ ಆಧಾರ.

ಇದನ್ನು ಇಲ್ಲಿ ತರಬೇಕೆಂದರೆ ಏಳುವ ಮೊದಲ ಆಕ್ಷೇಪ ಕಂಪನಿಗಳದ್ದು. ಕ್ಲೇಮಿನ ಲೆಕ್ಕ ನಮ್ಮ ಬಂಡವಾಳ, ಅದನ್ನು ಬಯಲು ಮಾಡಿದರೆ ಸ್ಪರ್ಧೆಗೆ ಏನುಳಿಯಿತು ಎನ್ನುತ್ತಾರೆ. ಜರ್ಮನಿಯ ಉದಾಹರಣೆಯೇ ಇದಕ್ಕೆ ಉತ್ತರ. ಅಲ್ಲಿ ದರ್ಜೆ ಎಲ್ಲರಿಗೂ ಒಂದೇ, ಅದಕ್ಕೆ ಎಷ್ಟು ಹಣ ಎಂಬುದು ಆಯಾ ಕಂಪನಿಯ ಇಷ್ಟ. ದರ್ಜೆಯನ್ನು ಪಾಲಿಸಲೇಬೇಕೆಂಬ ಕಟ್ಟುಪಾಡೂ ಇಲ್ಲ. ಸ್ಪರ್ಧೆ ಸೇವೆಯಲ್ಲಿ, ಕ್ಲೇಮಿನ ವೇಗದಲ್ಲಿ, ಚಾಲಕನನ್ನು ಅಳೆಯುವ ಜಾಣತನದಲ್ಲಿ ಮುಂದುವರಿದಿದೆ. ನಮ್ಮಲ್ಲೂ ಒಂದು ಕಂಪನಿಯ ಲೆಕ್ಕವನ್ನು ಬಯಲಿಗಿಡು ಎಂದು ಯಾರೂ ಕೇಳುತ್ತಿಲ್ಲ. ಎಲ್ಲ ಕಂಪನಿಗಳಿಂದ ಬ್ಯೂರೋಗೆ ಬಂದು ಸೇರಿದ ಒಟ್ಟು ಲೆಕ್ಕದಿಂದ ಮಾದರಿವಾರು ಸರಾಸರಿ ತೆಗೆದು ಹೇಳಿದರೆ ಸಾಕು.

ಅಂಕ ಬಯಲಾದರೆ ಅದರ ಬಿಸಿ ಮೊದಲು ತಟ್ಟುವುದು ಕಾರು ತಯಾರಕರಿಗೆ. ಅಮೆರಿಕದಲ್ಲಿ ನಡೆದದ್ದು ಇದಕ್ಕೆ ನಿದರ್ಶನ. ಅಲ್ಲಿನ 2015ರ ಮಾದರಿಗಳಲ್ಲಿ ಬೇರೆ ಕಂಪನಿಗಳ ಶೇ 96 ಕಾರುಗಳಿಗೆ ಇಮ್ಮೊಬಿಲೈಸರ್, ಅಂದರೆ ಸರಿಯಾದ ಕೀ ಇಲ್ಲದೆ ಎಂಜಿನ್ ಶುರುವಾಗದಂತೆ ತಡೆಯುವ ಸಾಧನ, ಇತ್ತು. ಹ್ಯುಂಡೈ ಮತ್ತು ಕಿಯಾ ಕಾರುಗಳಲ್ಲಿ ಅದು ಇದ್ದದ್ದು ಶೇ 26ಕ್ಕೆ ಮಾತ್ರ. ಸಾಮಾಜಿಕ ಜಾಲತಾಣಗಳ ವಿಡಿಯೊ ನೋಡಿ ಹುಡುಗರು ಆ ಕಾರುಗಳನ್ನು ಕದಿಯತೊಡಗಿದಾಗ, 2023ರ ಆರಂಭದಲ್ಲಿ ಸ್ಟೇಟ್ ಫಾರ್ಮ್, ಪ್ರೋಗ್ರೆಸಿವ್‌ನಂಥ ದೊಡ್ಡ ವಿಮಾ ಕಂಪನಿಗಳು ಕೆಲವು ನಗರಗಳಲ್ಲಿ ಆ ಹಳೆಯ ಮಾದರಿಗಳಿಗೆ ಹೊಸ ಪಾಲಿಸಿ ಕೊಡುವುದನ್ನೇ ನಿಲ್ಲಿಸಿದವು. ಉಳಿತಾಯ ಕಾರು ತಯಾರಕರದ್ದು, ಪಾಡು ಕೊಂಡವರದ್ದು. ಮೊದಲೇ ಕಳವಿನ ಅಂಕ ಕಣ್ಣಿಗೆ ಹೊಡೆಯುವಂತೆ ಇದ್ದಿದ್ದರೆ ಆ ಚಿಕ್ಕ ಸಾಧನವನ್ನು ಕೈಬಿಡುವ ಮುನ್ನ ತಯಾರಕರು ಎರಡು ಸಲ ಯೋಚಿಸುತ್ತಿದ್ದರು. ನಮ್ಮಲ್ಲೂ ಸುರಕ್ಷತೆಯ ಅಂಕಗಳ ವಿಷಯದಲ್ಲಿ ಇದು ಆಗಿದೆ. 2014ರಲ್ಲಿ ಕಾರುಗಳನ್ನು ಗುದ್ದಿಸಿ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ನಮ್ಮ ಜನಪ್ರಿಯ ಕಾರುಗಳಿಗೆ ಸೊನ್ನೆ ತಾರೆ ಕೊಟ್ಟಾಗ ಎದ್ದ ಗದ್ದಲ, 2018ರಲ್ಲಿ ನೆಕ್ಸಾನ್ ಐದು ತಾರೆ ಪಡೆದದ್ದು, 2023ರ ಅಕ್ಟೋಬರ್ 1ರಿಂದ ಭಾರತ್ ಎನ್‌ಕ್ಯಾಪ್ ಬಂದದ್ದು, ಈಗ ತಾರೆಗಳೇ ಜಾಹೀರಾತಾಗಿರುವುದು ಎಲ್ಲ ಕಣ್ಣೆದುರಿಗಿದೆ. ಆ ತಾರೆಗಳಿಗೂ ಥರ್ಡ್ ಪಾರ್ಟಿ ದರಕ್ಕೂ ಮಾತ್ರ ಇವತ್ತಿಗೂ ನಂಟಿಲ್ಲ.

ಪೆಟ್ಟಿಗೆ 3: ದರಪುಸ್ತಕದ ಪಳೆಯುಳಿಕೆಗಳು
ಎಆರ್‌ಎಐ ಎಂಬ ವಾಹನ ಸಂಶೋಧನಾ ಸಂಸ್ಥೆ ಒಪ್ಪಿದ ಕಳವು ನಿರೋಧಕ ಸಾಧನ ಹಾಕಿಸಿದರೆ ಓನ್ ಡ್ಯಾಮೇಜ್ ಕಂತಿನಲ್ಲಿ ಶೇ 2.5 ರಿಯಾಯಿತಿ, ₹500 ಮೀರದಂತೆ. ಆಟೊಮೊಬೈಲ್ ಅಸೋಸಿಯೇಷನ್ ಸದಸ್ಯರಿಗೆ ಶೇ 5, ₹200 ಮೀರದಂತೆ. ಪ್ರತಿ ಕ್ಲೇಮಿನಲ್ಲೂ ಮೊದಲ ₹15,000 ತಾನೇ ಭರಿಸುತ್ತೇನೆಂದು ಒಪ್ಪಿಕೊಂಡವರಿಗೆ ಶೇ 35, ₹2,500 ಮೀರದಂತೆ. ಕಳ್ಳನನ್ನು ದೂರವಿಟ್ಟದ್ದಕ್ಕೆ ಐನೂರು ರೂಪಾಯಿ. ಇದು ಗಂಭೀರ ಪ್ರೋತ್ಸಾಹ ಎಂದು ಬರೆದವರೂ ನಂಬಿರಲಾರರು.

ಎರಡನೆಯ ಆಕ್ಷೇಪ ಇನ್ನೂ ಸಹಜವಾದದ್ದು. ಕಾರು ತಾನಾಗಿ ಗುದ್ದುವುದಿಲ್ಲ, ಓಡಿಸುವವನು ಗುದ್ದುತ್ತಾನೆ, ಅಳೆಯಬೇಕಾದ್ದು ಅವನನ್ನು. ನಿಜ. ಹಾಗಾದರೆ ಇಂದು ಅವನನ್ನು ಎಷ್ಟರಮಟ್ಟಿಗೆ ಅಳೆಯುತ್ತಿದ್ದೇವೆ ನೋಡೋಣ. ಎಲ್ಲರಿಗೂ ಅನ್ವಯಿಸುವುದು ನೋ ಕ್ಲೇಮ್ ಬೋನಸ್ ಒಂದೇ: ಕ್ಲೇಮಿಲ್ಲದ ಮೊದಲ ವರ್ಷಕ್ಕೆ ಶೇ 20, ಆಮೇಲೆ 25, 35, 45, ಐದನೆಯ ವರ್ಷಕ್ಕೆ 50. ಅದು ಸಿಗುವುದು ಓನ್ ಡ್ಯಾಮೇಜ್ ಕಂತಿನಲ್ಲಿ, ಹೋಗುವುದೂ ಓನ್ ಡ್ಯಾಮೇಜ್ ಕ್ಲೇಮಿನಿಂದ ಮಾತ್ರ. ನಿಂತ ಕಾರಿಗೆ ಯಾರೋ ಗುದ್ದಿ ಓಡಿಹೋದದ್ದಕ್ಕೆ ನೀವು ಕ್ಲೇಮ್ ಮಾಡಿದರೆ ಬೋನಸ್ ಹೋಯಿತು. ಆದರೆ ಪಾದಚಾರಿಗೆ ಗುದ್ದಿ, ಅವರ ಮನೆಯವರಿಗೆ ಕಂಪನಿ ಲಕ್ಷಾಂತರ ರೂಪಾಯಿ ಕೊಡಬೇಕಾಗಿ ಬಂದರೂ, ತನ್ನ ಬಂಪರಿನ ಖರ್ಚನ್ನು ಕೈಯಿಂದ ಹಾಕಿಕೊಂಡವನ ಬೋನಸ್ ಹಾಗೇ ಉಳಿಯುತ್ತದೆ. ಮುಂದಿನ ವರ್ಷದ ಥರ್ಡ್ ಪಾರ್ಟಿ ದರವೂ ಅವನ ಸಿಸಿಯಷ್ಟೇ. ಇದನ್ನು ತಿದ್ದುವ ಯೋಚನೆ ನಾನಕ್‌ರಾಮ್‌ಗುಡದಲ್ಲಿ ಬಂದಿತ್ತು. 2021ರ ಜನವರಿಯಲ್ಲಿ ಪ್ರಕಟವಾದ ಐಆರ್‌ಡಿಎಐ ಕಾರ್ಯಪಡೆಯ ವರದಿ ಸಂಚಾರ ಉಲ್ಲಂಘನೆಗಳಿಗೆ ಅಂಕ ಹಾಕಿ, ಕುಡಿದು ಓಡಿಸಿದರೆ 100, ತಪ್ಪು ಪಾರ್ಕಿಂಗಿಗೆ 10 ಎಂದು ಲೆಕ್ಕವಿಟ್ಟು ಕಂತಿಗೆ ಸೇರಿಸಬೇಕೆಂದಿತ್ತು. ದೆಹಲಿಯಲ್ಲಿ ಪ್ರಯೋಗ ಮಾಡೋಣ ಎಂದೂ ಹೇಳಿತ್ತು. ಅದೇ ಹೈದರಾಬಾದಿನಲ್ಲಿ 2022ರ ಮಾರ್ಚ್‌ನಲ್ಲಿ ಆದದ್ದೇನು? ಬಾಕಿ ಉಳಿದ ಟ್ರಾಫಿಕ್ ಚಲನ್‌ಗಳ ಮೇಲೆ ದ್ವಿಚಕ್ರ ವಾಹನಗಳಿಗೆ ಶೇ 75, ಕಾರುಗಳಿಗೆ ಶೇ 50 ರಿಯಾಯಿತಿ. ಒಂದು ಕಚೇರಿ ಉಲ್ಲಂಘನೆಗೆ ಬೆಲೆ ಕಟ್ಟಲು ಹೊರಟರೆ ಇನ್ನೊಂದು ಅದನ್ನು ಸೀಸನ್ ಸೇಲಿನಲ್ಲಿ ಮಾರಿತು.

2022ರ ಜುಲೈನಲ್ಲಿ ಪ್ರಾಧಿಕಾರ ಎಷ್ಟು ಓಡಿಸುತ್ತೀರಿ, ಹೇಗೆ ಓಡಿಸುತ್ತೀರಿ ಎಂಬುದನ್ನು ನೋಡಿ ಕಂತು ನಿಗದಿಪಡಿಸುವ ಹೆಚ್ಚುವರಿ ರಕ್ಷಣೆಗಳಿಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ವಾರಕ್ಕೊಮ್ಮೆ ಕಾರು ತೆಗೆಯುವ ನಿವೃತ್ತರು ದಿನಾ ನಲವತ್ತು ಕಿಲೋಮೀಟರ್ ಓಡಾಡುವವರಷ್ಟೇ ಕಟ್ಟಬೇಕಿಲ್ಲ. ಆದರೆ ಚಾಲಕನನ್ನು ಅಳೆಯುವುದೆಂದರೆ ಅವನು ಎಲ್ಲಿ ಹೋದ, ಯಾವಾಗ ಹೋದ ಎಂಬ ಲೆಕ್ಕವನ್ನು ಕಂಪನಿಯ ಕೈಗೆ ಕೊಡುವುದೂ ಹೌದು. ಕಾರಿನ ಮಾದರಿಯ ಅಂಕಕ್ಕೆ ಈ ತೊಡಕಿಲ್ಲ. ಅದು ಯಾರ ಖಾಸಗಿ ಬದುಕನ್ನೂ ಇಣುಕುವುದಿಲ್ಲ. ಚಾಲಕನ ಅಂಕ ಬೇಡವೆಂದಲ್ಲ, ಸುಲಭವಾದದ್ದನ್ನು ಮೊದಲು ಮಾಡಲು ಅಡ್ಡಿಯೇನು ಎಂಬುದಷ್ಟೇ ಪ್ರಶ್ನೆ.

ನಿಜಕ್ಕೂ ತೂಗಿ ನೋಡಬೇಕಾದ ಆಕ್ಷೇಪ ಬಡವರ ಕುರಿತಾದದ್ದು. ದೇಶದ ರಸ್ತೆಗಳಲ್ಲಿ ಓಡುವ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ವಿಮೆಯೇ ಇಲ್ಲ. ಅವುಗಳಲ್ಲಿ ದ್ವಿಚಕ್ರ ವಾಹನಗಳೇ ಜಾಸ್ತಿ. ಅಪಾಯಕ್ಕೆ ತಕ್ಕ ಬೆಲೆ ಎಂದು ಹಳೆಯ, ಸುರಕ್ಷಾ ಸಾಧನಗಳಿಲ್ಲದ ವಾಹನದ ಕಂತನ್ನು ಏರಿಸಿದರೆ ಕಟ್ಟುತ್ತಿದ್ದವರೂ ಬಿಡುತ್ತಾರೆ, ಅಪಘಾತವಾದಾಗ ನೊಂದವರಿಗೆ ಸಿಗಬೇಕಾದ ಹಣವೂ ಇಲ್ಲವಾಗುತ್ತದೆ. ಈ ಭಯ ಹುಸಿಯಲ್ಲ. ಆದ್ದರಿಂದಲೇ ಚಿಕ್ಕ ವಾಹನಗಳಿಗೆ ಥರ್ಡ್ ಪಾರ್ಟಿಯಲ್ಲಿ ಸಹಾಯ ಉಳಿಯಬೇಕು. ಆದರೆ ಅದು ಸಹಾಯವೆಂದು ಹೆಸರು ಹೇಳಿ ಕೊಟ್ಟದ್ದಾಗಿರಲಿ. ಇವತ್ತು 1,000 ಸಿಸಿ ಒಳಗಿನ ದರ ಆಲ್ಟೊದ ಗುಮಾಸ್ತನಿಗೂ ಹದಿನೈದು ಲಕ್ಷದ ಟರ್ಬೊ ಕಾರಿನವನಿಗೂ ಒಂದೇ ಕೈಯಲ್ಲಿ ಸಹಾಯಧನ ಹಂಚುತ್ತಿದೆ. ಬಡವರ ಹೆಸರಿನಲ್ಲಿ ಉಳಿಸಿಕೊಂಡ ಮೆಟ್ಟಿಲನ್ನು ಎಂಜಿನಿಯರುಗಳು ಬೇರೆಯವರಿಗಾಗಿ ಬಳಸಿಕೊಂಡಿದ್ದಾರೆ.

ಇದರ ಬೆನ್ನಿಗೇ ಇನ್ನೊಂದು ಅಪಾಯವಿದೆ. ಅಂಕಗಳ ಪರವಾಗಿ ವಾದಿಸುವವರು ಅದನ್ನು ಮರೆಮಾಚಬಾರದು. ಮಾದರಿಯನ್ನು ಅಳೆಯಲು ಬಂದ ಅಳತೆಗೋಲು ಬೀದಿಯನ್ನೂ ಅಳೆಯಲು ಹೊರಡುತ್ತದೆ. ಲೆಕ್ಕದ ದೃಷ್ಟಿಯಿಂದ ನದೀಂ ಕಾಲೊನಿಯ ಪಿನ್‌ಕೋಡಿಗೆ ಬಂಜಾರಾ ಹಿಲ್ಸ್‌ಗಿಂತ ಹೆಚ್ಚು ಕಂತು ಹಾಕುವುದು ಸರಿಯೆನಿಸಬಹುದು. ಅಲ್ಲಿ ನೀರು ನಿಲ್ಲುತ್ತದೆ, ಇಲ್ಲಿ ಹರಿದುಹೋಗುತ್ತದೆ. ಆದರೆ ನೀರು ನಿಲ್ಲುವುದು ಕೆರೆ ಮುಚ್ಚಿದವರಿಂದ, ರಾಜಕಾಲುವೆ ಒತ್ತಿದವರಿಂದ, ಚರಂಡಿ ಕಟ್ಟದ ಪಾಲಿಕೆಯಿಂದ. ಅಲ್ಲಿ ಬಾಡಿಗೆಗಿರುವವನ ಕಂತು ಏರಿಸುವುದೆಂದರೆ ಎತ್ತಿಗೆ ಜ್ವರ ಬಂದದ್ದಕ್ಕೆ ಎಮ್ಮೆಗೆ ಬರೆ ಎಳೆದಂತೆ. ಅಮೆರಿಕದಲ್ಲಿ ಪ್ರೊಪಬ್ಲಿಕಾ ಎಂಬ ಪತ್ರಿಕಾ ಸಂಸ್ಥೆ 2017ರಲ್ಲಿ ಕ್ಯಾಲಿಫೋರ್ನಿಯಾ, ಇಲಿನಾಯ್, ಟೆಕ್ಸಾಸ್, ಮಿಸ್ಸೋರಿ ರಾಜ್ಯಗಳ ದರಗಳನ್ನು ಕೆದಕಿದಾಗ, ಅಪಾಯ ಸರಿಸಮವಾಗಿದ್ದರೂ ಅಲ್ಪಸಂಖ್ಯಾತರು ಹೆಚ್ಚಿರುವ ಬಡಾವಣೆಗಳಿಗೆ ಕೆಲವು ಕಂಪನಿಗಳು ಹೆಚ್ಚು ವಸೂಲು ಮಾಡುತ್ತಿದ್ದದ್ದು ಹೊರಬಿತ್ತು. ಪತ್ರಕರ್ತರು ಅದನ್ನು ಕಂಡುಹಿಡಿದದ್ದು ಕ್ಲೇಮಿನ ಲೆಕ್ಕ ಆ ರಾಜ್ಯಗಳಲ್ಲಿ ಕೇಳಿದವರಿಗೆ ಸಿಗುವಂತಿದ್ದುದರಿಂದ.

ಗೆರೆ ಎಲ್ಲಿ ಎಳೆಯಬೇಕೆಂಬುದಕ್ಕೆ ಇಲ್ಲೇ ಒಂದು ಸೂತ್ರವಿದೆ. ಕೊಳ್ಳುವವನು ಆಯ್ದುಕೊಳ್ಳಬಹುದಾದ, ತಯಾರಕ ತಿದ್ದಿಕೊಳ್ಳಬಹುದಾದ ಅಪಾಯಕ್ಕೆ ಅಂಕ ಇರಲಿ: ಗಾಳಿಕೊಳವೆಯ ಎತ್ತರ, ಇಮ್ಮೊಬಿಲೈಸರ್, ಹೆಡ್‌ಲೈಟಿನ ಬೆಲೆ, ಬ್ರೇಕು, ತೂಕ. ಮನೆಯ ವಿಳಾಸಕ್ಕೆ ಬೇಡ. ಜಿಲ್ಲೆಯಷ್ಟು ದೊಡ್ಡ ವಲಯಗಳು ಇರಬಹುದು, ಕಾಲೊನಿಯಷ್ಟು ಚಿಕ್ಕವು ಬೇಡ. ಭಾರತ್ ಎನ್‌ಕ್ಯಾಪ್ ಪರೀಕ್ಷೆಯಾದ ಕಾರಿನ ಮೇಲೆ ಕ್ಯೂಆರ್ ಕೋಡಿರುವ ಸ್ಟಿಕರ್ ಅಂಟಿಸುವ ವ್ಯವಸ್ಥೆ ಈಗಾಗಲೇ ಇದೆ. ಅದನ್ನು ಸ್ಕ್ಯಾನ್ ಮಾಡಿದರೆ ಒಳಗೆ ಕೂತವರಿಗೆ ಎಷ್ಟು ರಕ್ಷಣೆ ಎಂಬುದು ತಿಳಿಯುತ್ತದೆ. ಅದೇ ಪುಟದಲ್ಲಿ ದುರಸ್ತಿಗೊಂದು, ಕಳವಿಗೊಂದು, ಪ್ರವಾಹಕ್ಕೊಂದು, ಹೊರಗಿನವರಿಗೆ ಆಗುವ ಹಾನಿಗೊಂದು ಅಂಕ ಸೇರಿಸಲು ಹೊಸ ಕಾಯ್ದೆ ಬೇಕಿಲ್ಲ. ಬೇಕಾದ ಲೆಕ್ಕ ಹೈದರಾಬಾದಿನ ಬ್ಯೂರೋದ ಕಂಪ್ಯೂಟರುಗಳಲ್ಲಿದೆ, ಸ್ಟಿಕರಿನ ಉಸ್ತುವಾರಿ ದೆಹಲಿಯ ಸಾರಿಗೆ ಸಚಿವಾಲಯದ ಕೈಯಲ್ಲಿದೆ, ಮತ್ತು 2022ರ ಥರ್ಡ್ ಪಾರ್ಟಿ ದರಪಟ್ಟಿಯನ್ನು ಇವೆರಡೂ ಊರುಗಳು ಕೂಡಿಯೇ ಹೊರಡಿಸಿದ್ದವು.